ಬಾಲಚರರ ಹಾಯಿದೋಣಿ ಶಿಕ್ಷಣ: ಜಕ್ಕಲಿಯ ನೆಲೆಯಿಂದ ಒಂದು ಚಾರಿತ್ರಿಕ ನೋಟ

ಗದಗ ಜಿಲ್ಲೆಯ ಜಕ್ಕಲಿ ಕರ್ನಾಟಕ ಏಕೀಕರಣದ ನಾಯಕ ಅಂದಾನಪ್ಪ ದೊಡ್ಡಮೇಟಿಯವರ ಊರೆಂದು ಪ್ರಸಿದ್ಧವಾಗಿದೆ. ಮಳೆಯನ್ನೇ ನೆಚ್ಚಿದ ಈ ಎರೆಸೀಮೆಗೆ ಹಾಯಿದೋಣಿ ಅಪರಿಚಿತ. ಒಳನಾಡಿನ ಹೊಳೆಗಳಲ್ಲಿ ರೂಢಿಯಲ್ಲಿದ್ದುದು ಹರಿಗೋಲು. ಇಂಥ ನೆಲದ ಬಾಲಚರರಿಗೆ ವಾರಾಂತ್ಯದ ಶಿಬಿರದಲ್ಲಿ ಹಾಯಿ ಕಲಿಸುವ ಕ್ರಮವೇನಿರಬೇಕೆಂಬುದಕ್ಕೆ ಚಳವಳಿಯ ಚರಿತ್ರೆಯೇ ಉತ್ತರ ನೀಡುತ್ತದೆ.

ಬೇಡನ್ ಪೊವೆಲ್ ಅವರ ಮೊದಲ ಪ್ರಾಯೋಗಿಕ ಶಿಬಿರ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ನಡೆಯಿತು. 1909ರ ಶಿಬಿರದಲ್ಲಿ ಬಾಲಕರು ಸರದಿಯಂತೆ ದಡದಲ್ಲಿಯೂ ‘ಮರ್ಕ್ಯುರಿ’ ತರಬೇತಿ ನೌಕೆಯಲ್ಲಿಯೂ ಕಲಿತರು. ಆದರೆ 1912ರ ಆಗಸ್ಟ್ 4ರಂದು ಲೇಸ್‌ಡೌನ್ ಬಳಿ ಬಿರುಗಾಳಿಗೆ ದೋಣಿ ಮಗುಚಿ ಒಂಬತ್ತು ಬಾಲಕರು ಮಡಿದರು. ದೋಣಿಯಲ್ಲಿ ಹಿರಿಯರಿದ್ದರು. ಹಿರಿಯರ ಸಾನ್ನಿಧ್ಯವೊಂದೇ ರಕ್ಷಣೆಯಲ್ಲವೆಂಬುದನ್ನು ಈ ದುರಂತ ಸ್ಪಷ್ಟಪಡಿಸುತ್ತದೆ.

ಈಜು ಎರಡು ದಿನಗಳಲ್ಲಿ ಬರುವ ವಿದ್ಯೆಯಲ್ಲ. ಬೆನ್ನಿಗೆ ಬೆಂಡು ಕಟ್ಟಿ ಬಾವಿಯಲ್ಲಿ ಈಜು ಕಲಿಸುವ ನಮ್ಮ ಹಳ್ಳಿಗಳ ರೂಢಿಯನ್ನು ಶಿಬಿರಕ್ಕೆ ಪೂರ್ವಸಿದ್ಧತೆಯೆಂದು ಪರಿಗಣಿಸಬೇಕು. ಮೊದಲ ದಿನ ಈಜಿನ ಪರೀಕ್ಷೆ, ಜೀವರಕ್ಷಕ ಅಂಗಿಯ ಬಳಕೆ, ಹಗ್ಗದ ಗಂಟುಗಳು, ದೋಣಿ ಮಗುಚಿದಾಗ ಅದನ್ನು ಬಿಡದೆ ಹಿಡಿದಿರುವ ಅಭ್ಯಾಸ. ಎರಡನೆಯ ದಿನ ದಡದ ಸಮೀಪದಲ್ಲಿಯೇ ಹಾಯಿ, ಚುಕ್ಕಾಣಿ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗದು. ಓರೆಯಾಗಿ ಅತ್ತಿತ್ತ ತಿರುಗುತ್ತಲೇ ಮುಂದುವರಿಯಬೇಕು. ಇದನ್ನು ಅರಿತ ಬಾಲಕ ಗಾಳಿಯನ್ನು ಗಮನಿಸಲು ಕಲಿಯುತ್ತಾನೆ.

ಗಾಳಿ ಕೆಟ್ಟ ದಿನ ದೋಣಿಯನ್ನು ನೀರಿಗಿಳಿಸದಿರುವ ನಿರ್ಧಾರವೂ ಈ ಶಿಕ್ಷಣದ ಅಂಗವೇ. ಒಂದು ಪಾಠ ತಪ್ಪಿದರೆ ಮತ್ತೊಂದು ವಾರಾಂತ್ಯ ದೊರೆಯುತ್ತದೆ. ಹೋದ ಜೀವ ಮರಳುವುದಿಲ್ಲ.