ಅನುಮಾನ: ಅಳತೆಯೋ, ಊಹೆಯೋ, ಸಂಶಯವೋ?

ಮಳೆಗಾಲದ ಒಂದು ದಿನ ನೀವು ಗೋಕಾಕ ಜಲಪಾತದ ಬಳಿ ನಿಂತಿದ್ದೀರೆಂದು ಭಾವಿಸಿ. ತಲೆಯ ಮೇಲೆ ಬಿಸಿಲಿದೆ. ಊರಿನಲ್ಲಿ ಎರಡು ದಿನಗಳಿಂದ ಹನಿ ಬಿದ್ದಿಲ್ಲ. ಆದರೂ ಘಟಪ್ರಭಾ ನದಿ ಕೆಂಪಾಗಿ ಉಕ್ಕಿ ಹರಿದು, ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತಿದೆ. ಪಕ್ಕದಲ್ಲಿರುವ ರೈತರೊಬ್ಬರು, 'ಮ್ಯಾಲೆ ಮಳಿ ಜೋರ್ ಆಗೇತ್ರಿ' ಎನ್ನುತ್ತಾರೆ. ಆ ಮಳೆಯನ್ನು ಅವರು ಕಣ್ಣಾರೆ ಕಂಡಿಲ್ಲ. ಕಂಡ ನದಿಯಿಂದ ಕಾಣದ ಮಳೆಯನ್ನು ತಿಳಿದುಕೊಂಡಿದ್ದಾರೆ. ಈ ಬಗೆಯ ತಿಳಿವಿಗೆ ಭಾರತೀಯ ತರ್ಕಶಾಸ್ತ್ರದಲ್ಲಿರುವ ಹೆಸರು 'ಅನುಮಾನ'.

'ಅನುಮಾನವೇ? ಅವರು ಅಷ್ಟು ಖಚಿತವಾಗಿ ಹೇಳುತ್ತಿದ್ದಾರಲ್ಲ!' ಎಂದು ನೀವು ಕೇಳಬಹುದು. ಕೇಳಲು ಕಾರಣವೂ ಇದೆ. ಕನ್ನಡದಲ್ಲಿ ನಾವು ಅನುಮಾನ ಪಡುತ್ತೇವೆ, ಅನುಮಾನಾಸ್ಪದ ವ್ಯಕ್ತಿಯನ್ನು ಗಮನಿಸುತ್ತೇವೆ. ಅಂದರೆ ನಮಗೆ ಅನುಮಾನವೆಂದರೆ ಸಂಶಯ. ತಿಳಿವಿನ ಸಾಧನವಾಗಿದ್ದ ಶಬ್ದ ತಿಳಿವಿನ ಕೊರತೆಯನ್ನು ಸೂಚಿಸುವಂತಾಗಿದ್ದು ಹೇಗೆ?

ಒಂದೇ ಶಬ್ದ, ಹಲವು ಅರ್ಥ

ಸಂಸ್ಕೃತದ 'ಮಾ' ಧಾತುವಿಗೆ ಅಳೆಯುವುದು ಎಂದರ್ಥ. 'ಪರಿಮಾಣ', 'ಪ್ರಮಾಣ' ಇವೆಲ್ಲ ಅದೇ ಕುಟುಂಬದ ಶಬ್ದಗಳು. 'ಅನು' ಎಂದರೆ ಅನಂತರ, ಅನುಸರಿಸಿ. ಒಂದನ್ನು ಕಂಡು, ಅದನ್ನು ಅನುಸರಿಸಿ ಮತ್ತೊಂದನ್ನು ಅಳೆದು ತಿಳಿಯುವುದೇ ಅನುಮಾನ.

ಈ ಶಬ್ದ ಭಾರತದ ಭಾಷೆಗಳಲ್ಲಿ ಬೇರೆ ಬೇರೆ ದಾರಿ ಹಿಡಿಯಿತು. ಮರಾಠಿಯಲ್ಲಿ ಅದು ಮೂಲಾರ್ಥಕ್ಕೆ ಹತ್ತಿರದಲ್ಲೇ ಉಳಿದಿದೆ. ಅಲ್ಲಿ ಅನುಮಾನವೆಂದರೆ ನಿರೀಕ್ಷಣೆಯಿಂದ ಹೊರಡುವ ತೀರ್ಮಾನ. ಹಿಂದಿಯಲ್ಲಿ ಅಂದಾಜು. ಬಂಗಾಳಿ ಮತ್ತು ತಮಿಳಿನಲ್ಲಿ ಹೆಚ್ಚಾಗಿ ಊಹೆ. ತೆಲುಗಿನಲ್ಲಿ ನಮ್ಮಂತೆಯೇ ಸಂದೇಹ. ಹಿಂದಿಯಲ್ಲಿ ಹವಾಮಾನ ಮುನ್ಸೂಚನೆಗೆ 'ಪೂರ್ವಾನುಮಾನ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ಮೊದಲೇ ಪಟ್ಟ ಸಂಶಯ' ಎಂದು ಕೇಳಿಸಿದರೆ ಆಶ್ಚರ್ಯವಿಲ್ಲ!

ಅರ್ಥ ಸರಿದ ದಾರಿಯನ್ನು ಊಹಿಸುವುದು ಕಷ್ಟವಲ್ಲ. ತರ್ಕದಿಂದ ತಿಳಿದದ್ದು ಕಣ್ಣಿಗೆ ಕಂಡದ್ದಲ್ಲ. ಕಾಣದ್ದು ಅಂದಾಜು, ಅಂದಾಜು ತಪ್ಪಬಹುದು, ತಪ್ಪಬಹುದಾದದ್ದರ ಬಗ್ಗೆ ಸಂಶಯ ಸಹಜ. ಒಂದೊಂದು ಭಾಷೆ ಈ ಇಳಿಜಾರಿನ ಒಂದೊಂದು ಮೆಟ್ಟಿಲಲ್ಲಿ ನಿಂತಂತೆ ತೋರುತ್ತದೆ.

ನ್ಯಾಯಸೂತ್ರದಲ್ಲಿ ಒಂದು ನದಿ

ಅಕ್ಷಪಾದ ಗೌತಮನ ಹೆಸರಿನಲ್ಲಿರುವ ನ್ಯಾಯಸೂತ್ರವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಅದರಲ್ಲಿ ಸಂಶಯ ಎಂಬುದು ಬೇರೆಯದೇ ಆದ ಪದಾರ್ಥ. ಸಂಶಯದಿಂದ ವಿಚಾರ ಆರಂಭವಾಗಿ ನಿರ್ಣಯದಲ್ಲಿ ಮುಗಿಯಬೇಕು. ಆ ದಾರಿಯಲ್ಲಿ ಅನುಮಾನ ಒಂದು ಸಾಧನ.

ಅನುಮಾನದಲ್ಲಿ ಮೂರು ಬಗೆಗಳಿವೆ. ಇವುಗಳಿಗೆ ಭಾಷ್ಯಕಾರ ವಾತ್ಸ್ಯಾಯನನು ಉದಾಹರಣೆಗಳನ್ನು ಕೊಡುತ್ತಾನೆ. ಮೋಡ ಕವಿದದ್ದನ್ನು ಕಂಡು ಮಳೆ ಬರುತ್ತದೆಂದು ತಿಳಿಯುವುದು 'ಪೂರ್ವವತ್'. ಇಲ್ಲಿ ಕಾರಣದಿಂದ ಕಾರ್ಯದ ಜ್ಞಾನ. ನದಿ ತುಂಬಿ ವೇಗವಾಗಿ ಹರಿಯುವುದನ್ನು ಕಂಡು ಮೇಲೆ ಮಳೆಯಾಗಿದೆಯೆಂದು ತಿಳಿಯುವುದು 'ಶೇಷವತ್'. ಇಲ್ಲಿ ಕಾರ್ಯದಿಂದ ಕಾರಣದ ಜ್ಞಾನ. ನಮ್ಮ ರೈತರು ಮಾಡಿದ್ದು ಇದನ್ನೇ. ಮೂರನೆಯದು 'ಸಾಮಾನ್ಯತೋದೃಷ್ಟ': ಸೂರ್ಯ ಸ್ಥಾನ ಬದಲಿಸುವುದರಿಂದ ಅವನಿಗೆ ಚಲನೆಯಿದೆ ಎಂದು ತಿಳಿಯುವುದು. ಈ ಕೊನೆಯ ಉದಾಹರಣೆಯ ಮುಂದೆ ಸ್ವಲ್ಪ ನಿಲ್ಲಿ. ಆಕಾಶದಲ್ಲಿ ಸೂರ್ಯನ ದೈನಂದಿನ ಸ್ಥಾನಪಲ್ಲಟಕ್ಕೆ ಭೂಮಿಯ ಆವರ್ತನೆ ಕಾರಣವೆಂದು ಇಂದು ನಮಗೆ ಗೊತ್ತಿದೆ. ವೀಕ್ಷಣೆ ಸರಿಯಾಗಿಯೇ ಇತ್ತು. ಮತ್ತೊಂದು ಕಾರಣ ಇರಬಹುದೆಂಬುದು ಗಣನೆಗೆ ಬಂದಿರಲಿಲ್ಲ.

ಅಣೆಕಟ್ಟಿನ ಆಕ್ಷೇಪ

ಇಂಥ ತೊಡಕು ಹಳೆಯ ತಾರ್ಕಿಕರಿಗೆ ಹೊಳೆದಿರಲಿಲ್ಲ ಎಂದಲ್ಲ. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಎದುರಾಳಿಯ ಆಕ್ಷೇಪವೊಂದಿದೆ: ನೀರಿಗೆ ಅಡ್ಡಗಟ್ಟೆ ಹಾಕಿದರೂ ನದಿ ತುಂಬಬಹುದು, ಹಾಗಿರುವಾಗ ತುಂಬಿದ ನದಿಯಿಂದ ಮಳೆಯನ್ನು ತಿಳಿಯುವುದು ಹೇಗೆ? ಇದಕ್ಕೆ ವಾತ್ಸ್ಯಾಯನನು ಕೊಡುವ ವಿವರಣೆ ಸೊಗಸಾಗಿದೆ. ನೀರು ಏರಿದೆ ಎಂಬುದಷ್ಟೇ ಹೇತುವಲ್ಲ. ಪ್ರವಾಹದ ವೇಗ ಹೆಚ್ಚಿರಬೇಕು. ನೊರೆ, ಹಣ್ಣು, ಎಲೆ, ಕಟ್ಟಿಗೆ ತೇಲಿಬರಬೇಕು. ಎಲ್ಲ ಲಕ್ಷಣಗಳನ್ನೂ ಕೂಡಿಸಿ ನೋಡಿದರೆ ಮಾತ್ರ ಅದು ಅನುಮಾನ.

ಈಗ ಮತ್ತೆ ಘಟಪ್ರಭೆಗೆ ಬನ್ನಿ. ಸಹ್ಯಾದ್ರಿಯಲ್ಲಿ ಹುಟ್ಟಿ ಮಹಾರಾಷ್ಟ್ರದಿಂದ ಬರುವ ಈ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿ.ಎಂ.ಸಿ. ಸಾಮರ್ಥ್ಯದ ಜಲಾಶಯವಿದೆ. ಅದರ ಕೆಳಗೆ ಹಿರಣ್ಯಕೇಶಿ ಬಂದು ಸೇರುತ್ತದೆ. ಜಲಪಾತಕ್ಕೆ ಮೊದಲು 1897ರಷ್ಟು ಹಳೆಯ ಧೂಪದಾಳ ಒಡ್ಡು ಇದೆ. ಜಲಪಾತ ದಾಟಿದ ಮೇಲೆ ಗೋಕಾಕದ ಬಳಿ ಮಾರ್ಕಂಡೇಯ ನದಿ ಕೂಡುತ್ತದೆ. ಅಲ್ಲಿಂದ ಮುಂದೆ ಮೂಡಲಗಿ ತಾಲ್ಲೂಕಿನ ದಡದ ಹಳ್ಳಿಗಳಿವೆ.

ಆದ್ದರಿಂದ ಜಲಪಾತದಲ್ಲಿ ನೀರು ಏರಿದರೆ ಈಗ ಕನಿಷ್ಠ ಮೂರು ಕಾರಣಗಳು ಸಾಧ್ಯ: ಘಟ್ಟದಲ್ಲಿ ಮಳೆ, ಹಿಡಕಲ್ ಗೇಟುಗಳಿಂದ ಬಿಟ್ಟ ನೀರು, ಹಿರಣ್ಯಕೇಶಿಯ ಪ್ರವಾಹ. ವಿರುದ್ಧವೂ ನಿಜ. ಜಲಾಶಯ ಇನ್ನೂ ತುಂಬುತ್ತಿರುವಾಗ ಘಟ್ಟದಲ್ಲಿ ಜೋರು ಮಳೆಯಾದರೂ ಗೋಕಾಕದಲ್ಲಿ ಹೊಳೆ ಶಾಂತವಾಗಿರಬಹುದು. ಅದನ್ನು ಕಂಡು 'ಮೇಲೆ ಮಳೆಯಿಲ್ಲ' ಎಂದು ನಿಶ್ಚಿಂತೆಯಿಂದಿರುವುದು ಅಪಾಯಕರ. ಜಲಾಶಯ ತುಂಬಿದ ಮೇಲೆ ಬರುವ ನೀರನ್ನು ಹಾಗೆಯೇ ಕೆಳಗೆ ಬಿಡಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ನಗರದ ಮನೆ, ಅಂಗಡಿಗಳಿಗೂ ಮೂಡಲಗಿ ಭಾಗದ ನದಿತೀರದ ಹಳ್ಳಿಗಳಿಗೂ ನೀರು ನುಗ್ಗಿದ್ದನ್ನು ಆ ಭಾಗದವರು ಮರೆತಿಲ್ಲ. ಅಲ್ಲಿ ಅನುಮಾನವೆಂಬುದು ಪುಸ್ತಕದ ಮಾತಲ್ಲ. ದನಕರುಗಳನ್ನು ಯಾವಾಗ ಎತ್ತರದ ಜಾಗಕ್ಕೆ ಹೊಡೆಯಬೇಕು ಎಂಬ ಪ್ರಶ್ನೆ. ಪ್ರವಾಹದ ಮುನ್ಸೂಚನೆ ಕೊಡುವವರು ಒಳಹರಿವು, ಹೊರಹರಿವು, ಮಳೆಯ ಪ್ರಮಾಣ ಎಲ್ಲವನ್ನೂ ಅಳೆದು ಲೆಕ್ಕಹಾಕುವುದು ಇದಕ್ಕಾಗಿಯೇ. ನೊರೆ, ಎಲೆ, ಕಟ್ಟಿಗೆಗಳ ಜಾಗದಲ್ಲಿ ಈಗ ಕ್ಯೂಸೆಕ್‌ಗಳಿವೆ, ತರ್ಕ ಅದೇ.

ತರಗತಿಯಲ್ಲಿ

ಗಡಿಭಾಗದ ಶಿಕ್ಷಕರು ಇದನ್ನು ಗಮನಿಸಬೇಕು. ಮರಾಠಿ ಮನೆಮಾತಿನ ವಿದ್ಯಾರ್ಥಿ 'ಇದು ನನ್ನ ಅನುಮಾನ' ಎಂದರೆ ಅವನು ತೀರ್ಮಾನ ಹೇಳುತ್ತಿರಬಹುದು. ಕನ್ನಡದ ವಿದ್ಯಾರ್ಥಿ ಅದೇ ಮಾತು ಹೇಳಿದರೆ ಸಂಶಯ ಕೇಳುತ್ತಿರಬಹುದು. ಇಬ್ಬರನ್ನೂ ತಿದ್ದುವ ಮೊದಲು ಅರ್ಥ ಕೇಳಿ. ಕನ್ನಡದ ಪ್ರಯೋಗ ಪುಸ್ತಕದಲ್ಲಿ 'ಅನುಮಿತಿ' ಅಥವಾ 'ನಿರ್ಣಯ' ಎಂದು ಬರೆಸಿದರೆ ಗೊಂದಲ ತಪ್ಪುತ್ತದೆ. ವಿದ್ಯಾರ್ಥಿಗಳು ಪ್ರತಿ ನಿರ್ಣಯದ ಕೆಳಗೆ ಒಂದು ಪ್ರಶ್ನೆಗೆ ಉತ್ತರ ಬರೆಯಲಿ: 'ಇದೇ ಫಲಿತಾಂಶಕ್ಕೆ ಬೇರೆ ಕಾರಣ ಇರಬಹುದೇ? ಇಲ್ಲವೆಂದು ಹೇಗೆ ಗೊತ್ತಾಯಿತು?'

ಹಾಗೆ ನೋಡಿದರೆ ಕನ್ನಡದ ಅರ್ಥವೂ ಪೂರ್ತಿ ದಾರಿ ತಪ್ಪಿದ್ದಲ್ಲ. ಅನುಮಾನ ಮಾಡಿದವನು ತನ್ನ ಅನುಮಾನದ ಮೇಲೆ ಅನುಮಾನ ಪಟ್ಟಾಗಲೇ ಅದು ವಿಜ್ಞಾನವಾಗುತ್ತದೆ.