ಜೀರ್ಣೋದ್ಧಾರವೆಂಬ ಮಾತು ಮತ್ತು ಬೆಳಗಾವಿಯ ವ್ಯಾಕ್ಸಿನ್ ಡಿಪೋ

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂದು ಕರೆಯಲಾಗುವ ವಿಸ್ತಾರವಾದ, ಮರಗಳು ದಟ್ಟವಾಗಿ ಬೆಳೆದ ಆವರಣವೊಂದಿದೆ. ಮುಂಜಾನೆ ಅಲ್ಲಿ ನಡೆದಾಡಲು ಬರುವವರೆಲ್ಲರ ಬಾಯಲ್ಲಿ ಆ ಹೆಸರು ಸಲೀಸಾಗಿ ಬರುತ್ತದೆ. ಆದರೆ ಅದು ಯಾವ ಲಸಿಕೆ, ಅಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಹೆಸರು ಉಳಿದು ಅರ್ಥ ಅಳಿದುಹೋಗುವುದು ನಮ್ಮ ಊರುಗಳ ಇತಿಹಾಸದಲ್ಲಿ ಹೊಸತಲ್ಲ. ಪಾಳುಬಿದ್ದ ಹಳೆಯ ಉತ್ಪಾದನಾ ಕಟ್ಟಡಗಳನ್ನು ನಗರಾಭಿವೃದ್ಧಿಯ ಅಂಗವಾಗಿ ಪುನರುಜ್ಜೀವನಗೊಳಿಸುವ ಚರ್ಚೆ ನಡೆದಿರುವ ಈ ಕಾಲದಲ್ಲಿ, ಆ ಅರ್ಥವನ್ನು ಮರಳಿ ನೆನಪಿಸಿಕೊಳ್ಳುವುದು ಅಗತ್ಯವೆನಿಸುತ್ತದೆ.

ಬೆಳಗಾವಿ ಜಿಲ್ಲೆಯ ವಸಾಹತು ಕಾಲದ ಕಾರ್ಖಾನೆ ಎಂದೊಡನೆ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ ನೆನಪಿಗೆ ಬರುವುದು ಸಹಜ. 1880ರ ದಶಕದಲ್ಲಿ ಘಟಪ್ರಭೆಯ ಧುಮುಕುವ ನೀರಿನ ಬಲವನ್ನು ನೆಚ್ಚಿ ಹುಟ್ಟಿದ ಆ ಗಿರಣಿ ಶತಮಾನ ದಾಟಿಯೂ ನೂಲು ತೆಗೆಯುತ್ತ ಬಂದಿದೆ. ವ್ಯಾಕ್ಸಿನ್ ಡಿಪೋಗೆ ಅಂತಹ ಎತ್ತರದ ಚಿಮಣಿಯಾಗಲಿ, ಸೈರನ್ನಿನ ಕೂಗಾಗಲಿ ಇರಲಿಲ್ಲ. ಅದು ಇಪ್ಪತ್ತನೆಯ ಶತಮಾನದ ಮೊದಲ ದಶಕದ ಸಂಸ್ಥೆ. ವಿಕ್ಟೋರಿಯಾ ರಾಣಿ 1901ರಲ್ಲಿಯೇ ತೀರಿಕೊಂಡಿದ್ದಳು. ಆದರೂ ಅದರ ಹಿಂದಿನ ಆಲೋಚನೆಯೆಲ್ಲ ಆ ಯುಗದ್ದೇ ಆಗಿತ್ತು. ಕಚ್ಚಾವಸ್ತು, ಸಂಸ್ಕರಣೆ, ಪರೀಕ್ಷೆ, ತುಂಬುವಿಕೆ, ರವಾನೆ ಎಂಬ ಕ್ರಮದಲ್ಲಿ ನಡೆಯುತ್ತಿದ್ದುದರಿಂದ ಅದನ್ನು ಕಾರ್ಖಾನೆ ಎನ್ನಲು ಅಡ್ಡಿಯಿಲ್ಲ. ಅಲ್ಲಿ ತಯಾರಾಗುತ್ತಿದ್ದ ಸರಕು ಸಿಡುಬಿನ ಲಸಿಕೆ.

ಭಾರತದಲ್ಲಿ ಸಿಡುಬಿಗೆ ಜೆನ್ನರನ ಪದ್ಧತಿಯ ಲಸಿಕೆಯನ್ನು ಮೊದಲು ಯಶಸ್ವಿಯಾಗಿ ಹಾಕಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ. ಮುಂದೆ ಬಹುಕಾಲ ಒಬ್ಬರ ತೋಳಿನ ಗುಳ್ಳೆಯಿಂದ ಮತ್ತೊಬ್ಬರ ತೋಳಿಗೆ ಲಸಿಕೆಯನ್ನು ದಾಟಿಸಲಾಗುತ್ತಿತ್ತು. ಈ ಕ್ರಮದಲ್ಲಿ ಬೇರೆ ರೋಗಗಳೂ ಹರಡುವ ಭಯವಿತ್ತು. ಜಾತಿ, ಮಡಿವಂತಿಕೆಗಳ ಅಡ್ಡಿಯೂ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇದರ ಬದಲು ಕರುಗಳ ಮೈಮೇಲೆ ಲಸಿಕೆಯನ್ನು ಬೆಳೆಸುವ ವಿಧಾನ ಬಳಕೆಗೆ ಬಂತು. ಕರುವಿನ ಹೊಟ್ಟೆಯ ಭಾಗದ ಕೂದಲನ್ನು ತೆಗೆದು, ಚರ್ಮವನ್ನು ಗೀರಿ, ಅಲ್ಲಿ ಬೀಜದ್ರವ್ಯವನ್ನು ಹಚ್ಚುವುದು. ಕೆಲವು ದಿನಗಳಲ್ಲಿ ಎದ್ದ ಗುಳ್ಳೆಗಳಿಂದ ತಿರುಳನ್ನು ಕೆರೆದು ಅರೆಯುವುದು. 1891ರಲ್ಲಿ ಕೋಪ್‌ಮನ್ ಎಂಬ ಇಂಗ್ಲಿಷ್ ವೈದ್ಯನು ಗ್ಲಿಸರಿನ್ ಬೆರೆಸಿದರೆ ಆ ತಿರುಳಿನಲ್ಲಿರುವ ಬೇರೆ ಸೂಕ್ಷ್ಮಾಣುಗಳು ನಾಶವಾಗುತ್ತವೆಂದು ತೋರಿಸಿದ ಮೇಲೆ ಈ ವಿಧಾನ ಇನ್ನಷ್ಟು ದೃಢವಾಯಿತು. ಆದರೆ ದ್ರವರೂಪದ ಲಸಿಕೆಗೆ ಬಿಸಿಲೇ ಶತ್ರು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ, ಸಹ್ಯಾದ್ರಿಯ ಸೆರಗಿನ ಬೆಳಗಾವಿಯ ತಂಪು ಹವೆ ಇಂತಹ ಕೆಲಸಕ್ಕೆ ಒದಗಿಬಂತು. ಖಾನಾಪುರ, ಲೋಂಡಾಗಳ ಮೂಲಕ ಹಾದುಬಂದಿದ್ದ ರೈಲುಮಾರ್ಗ ದೂರದ ಊರುಗಳನ್ನು ಹತ್ತಿರವಾಗಿಸಿತ್ತು.

1956ರ ನವೆಂಬರ್ 1ರಂದು ಬೆಳಗಾವಿಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಲಸಿಕಾ ಸಂಸ್ಥೆಯೂ ಅದರೊಂದಿಗೆ ಬಂತು. ಅದರ ಅತ್ಯಂತ ಮಹತ್ವದ ಅಧ್ಯಾಯ ಆರಂಭವಾದದ್ದು ಆಮೇಲೆಯೇ. 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾಯಿತು. ಬಿಸಿಲಿನ ನಾಡಿನಲ್ಲಿ ದ್ರವ ಲಸಿಕೆ ಹಳ್ಳಿ ಮುಟ್ಟುವಷ್ಟರಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಘನೀಕರಿಸಿ ಒಣಗಿಸಿದ ಲಸಿಕೆಯಾದರೋ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಒಂದು ತಿಂಗಳು ಕೆಡದೆ ಉಳಿಯಬಲ್ಲದು. ಇಂತಹ ಒಣ ಲಸಿಕೆಯನ್ನು ದೇಶದಲ್ಲಿ ತಯಾರಿಸಿದ ನಾಲ್ಕು ಸಂಸ್ಥೆಗಳೆಂದರೆ ನೈನಿತಾಲ್ ಸಮೀಪದ ಪಟವಾಡಾಂಗರ್, ಹೈದರಾಬಾದ್, ಮದರಾಸಿನ ಗಿಂಡಿ ಮತ್ತು ನಮ್ಮ ಬೆಳಗಾವಿ. ಹಳ್ಳಿಯ ಶಾಲೆಗೆ ದೇವಿ ಹಾಕುವವರು ಬಂದರೆಂದು ಹೆದರಿ ಓಡಿದ ತಲೆಮಾರಿನ ತೋಳುಗಳ ಮೇಲೆ ಇಂದಿಗೂ ಉಳಿದಿರುವ ಗುಂಡು ಕಲೆಗಳಲ್ಲಿ ಎಷ್ಟೋ ಕಲೆಗಳಿಗೆ ಮೂಲ ಟಿಳಕವಾಡಿಯ ಈ ಆವರಣ.

1975ರ ಮೇ ತಿಂಗಳಿನಲ್ಲಿ ದೇಶದ ಕೊನೆಯ ಸಿಡುಬು ಪ್ರಕರಣ ವರದಿಯಾಯಿತು. 1977ರ ಏಪ್ರಿಲ್‌ನಲ್ಲಿ ಭಾರತವು ಸಿಡುಬುಮುಕ್ತವೆಂದು ಘೋಷಿತವಾಯಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಇಡೀ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ಲಸಿಕೆಯ ಅಗತ್ಯವೇ ಇಲ್ಲವಾಯಿತು. ಗಿರಣಿಗಳು ಮುಚ್ಚುವುದು ನಷ್ಟದಿಂದ, ಮುಷ್ಕರದಿಂದ, ಹಳತಾದ ಯಂತ್ರಗಳಿಂದ. ಈ ಕಾರ್ಖಾನೆಯ ಮುಖ್ಯ ಕೆಲಸ ನಿಂತದ್ದು ಅದು ಪೂರ್ಣಗೊಂಡದ್ದರಿಂದ. ಗೆದ್ದು ಮೌನವಾದ ಕಟ್ಟಡಗಳು ನಾಡಿನಲ್ಲಿ ಬಹಳ ಇಲ್ಲ. ಸೋತ ಗಿರಣಿಗೆ ಅಳುವ ಕಾರ್ಮಿಕರಾದರೂ ಇರುತ್ತಾರೆ, ಗೆದ್ದದ್ದನ್ನು ನೆನೆಯುವವರು ಯಾರೂ ಇರುವುದಿಲ್ಲ.

2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿ ಬೆಳಗಾವಿಯ ಹೆಸರಿತ್ತು. ಆ ಯೋಜನೆಯಡಿ ವ್ಯಾಕ್ಸಿನ್ ಡಿಪೋ ಆವರಣವನ್ನು ಉದ್ಯಾನವಾಗಿ ಅಭಿವೃದ್ಧಿಪಡಿಸುವ ಕಾಮಗಾರಿಗಳು ನಡೆದವು. ಮರಗಳಿಗೆ ಧಕ್ಕೆಯಾಗುತ್ತದೆಂದು ನಾಗರಿಕರು ಆಕ್ಷೇಪವೆತ್ತಿದರು. ಆ ಕಾಳಜಿ ಸಂಪೂರ್ಣ ನ್ಯಾಯವಾದದ್ದು. ಆದರೆ ಒಂದು ಕಡೆಯವರು ಹೊಸ ಆಕರ್ಷಣೆಗಳನ್ನು, ಇನ್ನೊಂದು ಕಡೆಯವರು ಮರಗಳನ್ನು ಕುರಿತು ಮಾತನಾಡುತ್ತಿದ್ದಾಗ, ಅಲ್ಲಿ ನಡೆದ ಕೆಲಸವನ್ನು ಕುರಿತು ಕೇಳಿಬಂದ ಮಾತು ಕಡಿಮೆ. ಇಲ್ಲಿಯೇ ಜೀರ್ಣೋದ್ಧಾರವೆಂಬ ಪದದ ನಿಜವಾದ ಅರ್ಥವನ್ನು ವಿಚಾರಿಸಬೇಕಾಗುತ್ತದೆ.

ಇಂದು ಜೀರ್ಣೋದ್ಧಾರವೆಂದರೆ ಒಮ್ಮೆ ಹಣ ಸುರಿದು, ಬಣ್ಣ ಬಳಿದು, ಫಲಕ ಅನಾವರಣಗೊಳಿಸುವುದು. ನಮ್ಮ ಶಾಸನಗಳ ಭಾಷೆಯಲ್ಲಿ ಅದರ ಅರ್ಥ ಬೇರೆ. ಕನ್ನಡ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಗುಚ್ಛ ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರುಕುಬಿಟ್ಟದ್ದು, ಹಳತಾದದ್ದು ಇವುಗಳ ದುರಸ್ತಿಗೆಂದು ಭೂಮಿಯನ್ನೋ ಸುಂಕದ ಆದಾಯವನ್ನೋ ಶಾಶ್ವತವಾಗಿ ಬಿಡಲಾಗುತ್ತಿತ್ತು. ಅದೇ ಸಾಲಿನಲ್ಲಿ ಪೂಜೆ, ಆಹಾರದಾನ ಮೊದಲಾದ ನಿತ್ಯದ ವ್ಯವಹಾರಗಳಿಗೂ ಪಾಲು ಇರುತ್ತಿತ್ತು. ಅಂದರೆ ಕಟ್ಟಡದ ದುರಸ್ತಿ ಮತ್ತು ಕಟ್ಟಡದೊಳಗಿನ ಬದುಕು ಒಂದೇ ದತ್ತಿಯ ಎರಡು ಮುಖಗಳು.

ಇದಕ್ಕೆ ನಿದರ್ಶನ ದೂರದಲ್ಲಿಲ್ಲ. 1204ರಲ್ಲಿ ವೇಣುಗ್ರಾಮದಲ್ಲಿ, ಅಂದರೆ ಇಂದಿನ ಬೆಳಗಾವಿಯಲ್ಲಿ, ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ರಟ್ಟ ಜಿನಾಲಯವನ್ನು ಕಟ್ಟಿಸಿದನು. ಕಾರ್ತವೀರ್ಯನು ಯುವರಾಜ ಮಲ್ಲಿಕಾರ್ಜುನನೊಡಗೂಡಿ ಶುಭಚಂದ್ರ ಭಟ್ಟಾರಕರಿಗೆ ದತ್ತಿ ಕೊಟ್ಟನು. ಆ ದತ್ತಿಯಲ್ಲಿ ಭೂಮಿಯಷ್ಟೇ ಅಲ್ಲ, ಪೇಟೆಯ ವರ್ತಕರು ತಮ್ಮ ಸರಕುಗಳ ಮೇಲೆ ತಾವೇ ಒಪ್ಪಿಕೊಂಡ ಸುಂಕಗಳೂ ಇದ್ದವು. ಊರಿನ ನಿತ್ಯದ ವ್ಯಾಪಾರವೇ ಕಟ್ಟಡದ ನಿತ್ಯದ ರಕ್ಷಣೆಗೆ ಆಧಾರವಾಯಿತು. ಆ ದಾನವನ್ನು ಸಾರುವ ಶಿಲಾಶಾಸನಗಳು ಈಗ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿವೆ. ಇನ್ನೂ ಹಿಂದೆ ಹೋದರೆ ಖಾನಾಪುರ ತಾಲ್ಲೂಕಿನ ಹಲಸಿ, ಕದಂಬರ ಪಲಾಶಿಕಾ. ಅಲ್ಲಿಯ ತಾಮ್ರಶಾಸನವೊಂದರಲ್ಲಿ ರವಿವರ್ಮನು ಗ್ರಾಮದ ಆದಾಯದಿಂದ ಪ್ರತಿವರ್ಷ ಕಾರ್ತಿಕದ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ದೊರೆಯಬೇಕು ಎಂದು ವಿಧಿಸಿದ್ದಾನೆ. ಕಟ್ಟಡವನ್ನು ಉಳಿಸುವುದು ಅದರೊಳಗಿನ ಕಾಯಕ ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ.

ಹೊರಗಿನ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಇಂಗ್ಲೆಂಡಿನ ಸಾಲ್ಟೇರ್‌ನಲ್ಲಿ ಟೈಟಸ್ ಸಾಲ್ಟ್ 1853ರಲ್ಲಿ ತೆರೆದ ಬೃಹತ್ ಗಿರಣಿ 1986ರಲ್ಲಿ ನೇಯ್ಗೆ ನಿಲ್ಲಿಸಿತು. ಮರುವರ್ಷವೇ ಜೊನಾಥನ್ ಸಿಲ್ವರ್ ಅದನ್ನು ಕೊಂಡು, ಚಿತ್ರಶಾಲೆ, ಪುಸ್ತಕದಂಗಡಿ, ಉದ್ಯಮಗಳ ಕಚೇರಿಗಳಿಗೆ ಜಾಗ ಮಾಡಿದರು. 2001ರಲ್ಲಿ ಆ ಊರು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಾಡಿಗೆ ಬರುವುದರಿಂದ ಮಾಡು ಸೋರುವುದಿಲ್ಲ. ಅದು ಅವರ ಖಂಡಸ್ಫುಟಿತ ಜೀರ್ಣೋದ್ಧಾರ. ಬೆಂಗಳೂರಿನಲ್ಲಿ 1884ರಲ್ಲಿ ಹುಟ್ಟಿದ ಬಿನ್ನಿ ಗಿರಣಿಯ ನೆಲದಲ್ಲಿ ಈಗ ಮಾಲ್ ಮತ್ತು ವಸತಿ ಸಮುಚ್ಚಯಗಳಿವೆ. ಅಲ್ಲಿ ನೆಲದ ಬೆಲೆ ಉಳಿಯಿತು. ಗಿರಣಿಯ ನೆನಪು ಹೆಸರಾಗಿಯಷ್ಟೇ ಉಳಿಯಿತು.

ವ್ಯಾಕ್ಸಿನ್ ಡಿಪೋಗೆ ಯಾವ ಕಾಯಕ ಸೂಕ್ತ? ಲಸಿಕೆಯ ಇತಿಹಾಸವನ್ನು ಹೇಳುವ ಒಂದು ಸಂಗ್ರಹಾಲಯ, ದಾಖಲೆಗಳನ್ನು ಕಾಪಾಡುವ ಒಂದು ಅಭಿಲೇಖಾಲಯ, ವಿದ್ಯಾರ್ಥಿಗಳು ಕುಳಿತು ಓದಬಹುದಾದ ಒಂದು ಕೊಠಡಿ ಮೊದಲು ಬರಬೇಕು. ಆ ಇತಿಹಾಸ ಪ್ರಾಮಾಣಿಕವಾಗಿಯೂ ಇರಬೇಕು. ಮನುಷ್ಯರ ಪ್ರಾಣ ಉಳಿದದ್ದು ಮೂಕ ಕರುಗಳ ನೋವಿನಿಂದ ಎಂಬುದನ್ನು ಮರೆಮಾಚಬಾರದು. ಕಡ್ಡಾಯ ಲಸಿಕೆಯ ಕಾನೂನುಗಳನ್ನು ಜನ ಸಂಶಯದಿಂದ ಕಂಡದ್ದು, ಕರುಗಳನ್ನು ಸಾಕಿದ ಕೂಲಿಗಳು, ಪೆಟ್ಟಿಗೆ ಹೊತ್ತು ಹಳ್ಳಿ ಹಳ್ಳಿ ಅಲೆದ ಲಸಿಕೆಗಾರರು ಇವರೆಲ್ಲರಿಗೂ ಅಲ್ಲಿ ಜಾಗವಿರಬೇಕು. ಕೃತಜ್ಞತೆಯೂ ಪಶ್ಚಾತ್ತಾಪವೂ ಒಂದೇ ಸೂರಿನಡಿ ಇರುವುದು ಅಸಂಗತವಲ್ಲ.

ದುರಸ್ತಿಯ ಕೈಗಳೂ ಹತ್ತಿರದಲ್ಲಿವೆ. ಈ ಭಾಗದ ವಸಾಹತು ಕಾಲದ ಕಟ್ಟಡಗಳ ಸಾಮಾನ್ಯ ಲಕ್ಷಣ ಸುಣ್ಣದ ಗಾರೆ ಮತ್ತು ಹೆಂಚಿನ ಇಳಿಜಾರು ಮಾಡು. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಪರಂಪರೆ ಖಾನಾಪುರದ ಜೇಡಿಮಣ್ಣಿಗೂ ಹಬ್ಬಿತು. ಖಾನಾಪುರ ಹೆಂಚು ಮತ್ತು ಕುಂಬಾರಿಕೆಗೆ ಹೆಸರಾಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಕಾಂಕ್ರೀಟಿನ ಚಾವಣಿ ಬಂದಂತೆ ಹೆಂಚಿನ ಬೇಡಿಕೆ ಕುಗ್ಗಿದೆ. ಬೆಳಗಾವಿಯ ಹಳೆಯ ಮಾಡುಗಳನ್ನು ಕಾಂಕ್ರೀಟಿನಿಂದ ಮುಚ್ಚದೆ ಹೆಂಚಿನಿಂದಲೇ ಸರಿಪಡಿಸುವ ನಿಯಮ ಬಂದರೆ ನಗರದ ಜೀರ್ಣೋದ್ಧಾರ ಖಾನಾಪುರದ ಆವಿಗೆಗೂ ಒಂದಿಷ್ಟು ಉರಿ ಒದಗಿಸೀತು.

ಇಷ್ಟಾಗಿ, ಮುಖ್ಯ ಪ್ರಶ್ನೆ ಹಣದ್ದಲ್ಲ, ದತ್ತಿಯದು. ಯೋಜನೆಯ ಹಣ ಯೋಜನೆಯೊಡನೆ ಮುಗಿಯುತ್ತದೆ. ಎಂಟು ಶತಮಾನಗಳ ಹಿಂದಿನ ವೇಣುಗ್ರಾಮದ ವರ್ತಕರು ಬರುವ ವರ್ಷದ, ಅದರ ಮುಂದಿನ ವರ್ಷದ ಬಿರುಕನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಅವರ ಊರಿನಲ್ಲಿಯೇ ಇರುವ ನಾವು ಅಷ್ಟು ಮುಂದಾಲೋಚನೆಯನ್ನಾದರೂ ಅವರಿಂದ ಕಲಿಯಬೇಕಾಗಿದೆ.