ಬಂದೂಕು ಪರವಾನಗಿ ದಾಖಲೆಗಳ ಗೋಪ್ಯತೆ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಿಸ್ತೂಲು ಇಟ್ಟುಕೊಳ್ಳಲು ಅಥವಾ ಬಟ್ಟೆಯ ಮರೆಯಲ್ಲಿ ಧರಿಸಿ ಓಡಾಡಲು ಪರವಾನಗಿ ಪಡೆದವರ ಹೆಸರು, ವಿಳಾಸಗಳನ್ನು ಸಾರ್ವಜನಿಕರಿಗೆ ಕೊಡದಂತೆ ತಡೆಯುವ ಕಾನೂನು ವ್ಯವಸ್ಥೆ. ಪರವಾನಗಿ ರಾಜ್ಯಗಳ ವಿಷಯವಾದ್ದರಿಂದ ಅದರ ಕಡತ ತೆರೆದಿಡಬೇಕೋ ಮುಚ್ಚಿಡಬೇಕೋ ಎಂಬುದನ್ನೂ ಅವೇ ತೀರ್ಮಾನಿಸುತ್ತ ಬಂದಿವೆ.

ನ್ಯೂಯಾರ್ಕ್ ರಾಜ್ಯವು 1911ರ ಸಲಿವನ್ ಕಾಯ್ದೆಯ ಮೂಲಕ ಪಿಸ್ತೂಲಿಗೆ ಪರವಾನಗಿ ಕಡ್ಡಾಯಗೊಳಿಸಿತು. ಪರವಾನಗಿದಾರರ ಹೆಸರು, ವಿಳಾಸ ಸಾರ್ವಜನಿಕ ದಾಖಲೆ ಎಂದು ಅಲ್ಲಿನ ದಂಡಸಂಹಿತೆ ಮುಂದೆ ಸ್ಪಷ್ಟವಾಗಿಯೇ ಹೇಳಿತು. ಕಡತಗಳು ಕೌಂಟಿ ಕಚೇರಿಯ ಕಪಾಟಿನಲ್ಲಿದ್ದಷ್ಟು ಕಾಲ ಇದು ದೊಡ್ಡ ತಕರಾರಾಗಲಿಲ್ಲ. ದಾಖಲೆ ತೆರೆದಿರಬೇಕು ಎಂಬುದಕ್ಕೆ ಗಟ್ಟಿಯಾದ ಸಮರ್ಥನೆ ಸಿಕ್ಕಿದ್ದು ಕ್ಯಾಲಿಫೋರ್ನಿಯದಲ್ಲಿ. ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಶರ್ಮನ್ ಬ್ಲಾಕ್ ಯಾರಿಗೆಲ್ಲ ಪರವಾನಗಿ ಕೊಟ್ಟಿದ್ದಾರೆಂದು ಸಿಬಿಎಸ್ ಪ್ರಸಾರ ಸಂಸ್ಥೆ ಕೇಳಿತು, ಶೆರಿಫ್ ಒಪ್ಪಲಿಲ್ಲ. 1986ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸಂಸ್ಥೆಯ ಪರ ನಿಂತಿತು. ಕೊಡುವುದೂ ಬಿಡುವುದೂ ಅಧಿಕಾರಿಯ ವಿವೇಚನೆಗೆ ಬಿಟ್ಟಿದ್ದಾಗ, ಅವನು ಅದನ್ನು ನೆಟ್ಟಗೆ ಬಳಸುತ್ತಿದ್ದಾನೆಯೇ ಎಂದು ಜನ ನೋಡಬೇಡವೇ ಎಂಬುದು ತೀರ್ಪಿನ ತಿರುಳು.

ಮರುವರ್ಷವೇ ಫ್ಲಾರಿಡ, ಅರ್ಹತೆಯಿದ್ದವರಿಗೆಲ್ಲ ಪರವಾನಗಿ ಕೊಡಲೇಬೇಕೆಂಬ ಕಾಯ್ದೆ ತಂದಿತು. ಹಲವು ರಾಜ್ಯಗಳು ಅದೇ ಹಾದಿ ಹಿಡಿದವು. ಪರವಾನಗಿದಾರರು ಲಕ್ಷಗಟ್ಟಲೆಯಾದರು, ಪಟ್ಟಿಗಳು ಕಂಪ್ಯೂಟರಿಗೆ ಸೇರಿದವು. 2007ರ ಮಾರ್ಚಿನಲ್ಲಿ ವರ್ಜೀನಿಯದ 'ರೋನೋಕ್ ಟೈಮ್ಸ್' ಸುಮಾರು 1,35,000 ಹೆಸರುಗಳನ್ನು ಅಂತರ್ಜಾಲಕ್ಕೆ ಹಾಕಿ, ಪ್ರತಿಭಟನೆಗೆ ಬೆದರಿ ಮರುದಿನವೇ ತೆಗೆಯಿತು. ಹಿಂಸಿಸುವ ಗಂಡನಿಂದ ತಪ್ಪಿಸಿಕೊಂಡು, ಹೊಸ ಊರಿನಲ್ಲಿ ಪಿಸ್ತೂಲು ಇಟ್ಟುಕೊಂಡು ಬದುಕುವ ಹೆಂಗಸಿನ ವಿಳಾಸವೂ ಇಂಥ ಪಟ್ಟಿಯಲ್ಲಿರಬಹುದು ಎಂಬ ವಾದಕ್ಕೆ ಪತ್ರಿಕೆಗಳ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಕಳ್ಳರಿಗೆ ಬಂದೂಕು ಎಲ್ಲಿದೆಯೆಂದು ತೋರಿಸಿಕೊಟ್ಟಂತಾಯಿತು ಎಂಬ ಆಕ್ಷೇಪವೂ ಇತ್ತು. ಮೆಂಫಿಸ್‌ನ 'ಕಮರ್ಷಿಯಲ್ ಅಪೀಲ್' ಪ್ರಕಟಿಸಿದ ಪಟ್ಟಿಯನ್ನು ಇಟ್ಟುಕೊಂಡು ಅಲೆಸಾಂಡ್ರೋ ಅಕ್ವಿಸ್ತಿ ಮತ್ತು ಕ್ಯಾಥರೀನ್ ಟಕರ್ ನಡೆಸಿದ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು: ಪರವಾನಗಿ ಹೆಚ್ಚಿದ್ದ ಬಡಾವಣೆಗಳಲ್ಲಿ ಮನೆಗಳ್ಳತನ ಇಳಿದಿತ್ತು, ಕಡಿಮೆಯಿದ್ದ ಕಡೆ ಏರಿತ್ತು.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದರು. ಒಂಬತ್ತು ದಿನಗಳಲ್ಲೇ ನ್ಯೂಯಾರ್ಕಿನ 'ಜರ್ನಲ್ ನ್ಯೂಸ್' ಪತ್ರಿಕೆ ವೆಸ್ಟ್‌ಚೆಸ್ಟರ್, ರಾಕ್‌ಲೆಂಡ್ ಕೌಂಟಿಗಳ ಪರವಾನಗಿದಾರರನ್ನು ಮನೆಮನೆಯಾಗಿ ಗುರುತಿಸಿದ ನಕಾಶೆ ಪ್ರಕಟಿಸಿತು. ಪತ್ರಿಕಾಧರ್ಮದ ದೃಷ್ಟಿಯಿಂದ ಇದು ದುರ್ಬಲ ಕೆಲಸವೇ. ಶಾಲೆಯೊಳಗೆ ಕೊಂದದ್ದು ರೈಫಲ್. ನಕಾಶೆಯಲ್ಲಿದ್ದದ್ದು ಪಿಸ್ತೂಲಿನ ಪರವಾನಗಿ. ಪರವಾನಗಿ ಇದ್ದವರ ಮನೆಯಲ್ಲಿ ಪಿಸ್ತೂಲು ಇದ್ದೇ ಇರುತ್ತದೆಂದೂ ಇಲ್ಲ. ಸಿಟ್ಟಿಗೆದ್ದವರು ಪತ್ರಕರ್ತರ ಮನೆ ವಿಳಾಸಗಳನ್ನೇ ಬಯಲು ಮಾಡಿದರು. ಪತ್ರಿಕೆ ತನ್ನ ಕಚೇರಿಗೆ ಬಂದೂಕುಧಾರಿ ಕಾವಲಿಟ್ಟುಕೊಂಡಿತು. ಪತ್ರಿಕೆ ಪಟ್ನಮ್ ಕೌಂಟಿಯ ಪಟ್ಟಿಯನ್ನೂ ಕೇಳಿತ್ತು, ಆದರೆ ಅಲ್ಲಿನ ಕ್ಲರ್ಕ್ ಕೊಡಲು ನಿರಾಕರಿಸಿದರು. 2013ರ ಜನವರಿ 15ರಂದು ರಾಜ್ಯಪಾಲ ಆಂಡ್ರ್ಯೂ ಕ್ವೋಮೊ ಸಹಿ ಹಾಕಿದ ಸೇಫ್ ಕಾಯ್ದೆ ಬಂದೂಕು ನಿಯಮಗಳನ್ನು ಬಿಗಿಗೊಳಿಸಿತು, ಜೊತೆಗೆ ಪೊಲೀಸರು, ಸಾಕ್ಷಿಗಳು, ಕೌಟುಂಬಿಕ ಹಿಂಸೆಗೆ ಒಳಗಾದವರು ಮುಂತಾದವರಿಗೆ ತಮ್ಮ ಹೆಸರು ಗೋಪ್ಯವಾಗಿಡುವಂತೆ ಕೋರುವ ಅವಕಾಶ ಕೊಟ್ಟಿತು. ಮೂರು ದಿನಗಳ ಬಳಿಕ ನಕಾಶೆ ಮರೆಯಾಯಿತು.

ಆ ವರ್ಷ ಬಾಗಿಲುಗಳು ಸಾಲುಸಾಲಾಗಿ ಮುಚ್ಚಿದವು. ಮೇನ್, ಟೆನೆಸ್ಸಿ, ನಾರ್ತ್ ಕೆರೊಲೈನ ರಾಜ್ಯಗಳು ದಾಖಲೆಗಳನ್ನು ಗೋಪ್ಯವಾಗಿಸಿದವು. ಲೂಸಿಯಾನ ಇನ್ನೂ ಮುಂದೆ ಹೋಗಿ, ಪರವಾನಗಿದಾರರ ವಿವರ ಪ್ರಕಟಿಸುವುದನ್ನೇ ಅಪರಾಧವೆಂದು ಸಾರಿತು.

ಇದರಲ್ಲಿ ಕಳೆದುಹೋದದ್ದೇನು ಎಂಬುದಕ್ಕೆ ಫ್ಲಾರಿಡವನ್ನು ನೋಡಬೇಕು. ಅಲ್ಲಿ 2006ರ ಜುಲೈಯಿಂದ ದಾಖಲೆ ಗೋಪ್ಯ. ಅದಕ್ಕೂ ಮೊದಲೇ ಪಟ್ಟಿ ಪಡೆದಿದ್ದ 'ಸನ್-ಸೆಂಟಿನೆಲ್' ಪತ್ರಿಕೆ, ಗಂಭೀರ ಅಪರಾಧ ಒಪ್ಪಿಕೊಂಡ ಅಥವಾ ಆರೋಪವನ್ನು ಪ್ರಶ್ನಿಸದ 1,400ಕ್ಕೂ ಹೆಚ್ಚು ಜನರಿಗೆ ಪರವಾನಗಿ ಸಿಕ್ಕಿತ್ತೆಂದು 2007ರಲ್ಲಿ ತೋರಿಸಿತು. ಇಂಥ ತನಿಖೆಗೆ ಆಮೇಲೆ ಕಚ್ಚಾ ಸಾಮಗ್ರಿಯೇ ಇಲ್ಲ.

ಕಾನೂನು ಮುಚ್ಚಿಟ್ಟದ್ದು ತಂತ್ರಜ್ಞಾನದ ಎಡವಟ್ಟಿನಿಂದ ಸೋರುವುದೂ ಉಂಟು. 2022ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ನ್ಯಾಯ ಇಲಾಖೆ ಬಂದೂಕು ಅಂಕಿಅಂಶಗಳ ಹೊಸ ಜಾಲತಾಣ ತೆರೆದಾಗ ಸುಮಾರು 1,92,000 ಅರ್ಜಿದಾರರ ಖಾಸಗಿ ವಿವರಗಳು ಹೊರಬಿದ್ದವು. ಅದು ಉದ್ದೇಶಪೂರ್ವಕವಲ್ಲ ಎಂದು ಸ್ವತಂತ್ರ ತನಿಖೆ ಹೇಳಿತು.

ಈಚೆಗೆ ಪ್ರಶ್ನೆ ಬೇರೆ ದಾರಿಯಿಂದಲೇ ಕರಗುತ್ತಿದೆ. 2024ರ ಹೊತ್ತಿಗೆ 29 ರಾಜ್ಯಗಳು ಪರವಾನಗಿಯಿಲ್ಲದೆಯೇ ಪಿಸ್ತೂಲು ಧರಿಸಲು ವಯಸ್ಕರಿಗೆ ಅನುಮತಿ ಕೊಟ್ಟಿವೆ. ಪಟ್ಟಿ ಪ್ರಕಟಿಸಿದವರಿಗೆ ಜೈಲು ಎಂದಿದ್ದ ಲೂಸಿಯಾನವೂ ಆ ವರ್ಷದ ಜುಲೈಯಲ್ಲಿ ಅವುಗಳ ಸಾಲಿಗೆ ಸೇರಿತು.